ಮೆಸ್ಸಿ ಪ್ಲೇ ಮೊದಲನೇ ಕ್ಲಾಸು: ಬಚ್ಚಲದಿಂದ ಹಿಂದಕ್ಕ ಪ್ಲಾನ್ ಮಾಡ್ರಿ

ಪ್ರಶ್ನೆ: ನಮಸ್ಕಾರ್ರಿ. ನಾನು ಹುಬ್ಬಳ್ಳಿಯಾಕಿ, ವಯಸ್ಸು 34. ನಾನು ನಮ್ಮ ಮನಿಯವರು ಇಬ್ರೂ ಕಿಂಕ್ (ರೂಢಿಗಿಂತ ಬ್ಯಾರೆ ಥರದ ಕಾಮದ ಆಟ) ಇಷ್ಟಪಡೂ ಮಂದಿನ, ಮೆಸ್ಸಿ ಪ್ಲೇ, ಅಂದ್ರ ಕ್ರೀಮು ಕೆಸರು ಮೆತ್ಕೊಳ್ಳೂ ಆಟ, ನಮಗ ಭಾಳ ಸೇರತೈತಿ. ಬರೂ ಚಳಿಗಾಲದಾಗ ಬೆಂಗಳೂರಾಗ ಒಂದು ಪ್ರೈವೇಟ್ ಕಿಂಕ್ ಕನ್ವೆನ್ಶನ್ ಐತಿ, 18 ದಾಟಿದವ್ರಿಗೆ ಅಷ್ಟ. ಅಲ್ಲಿ ಹೊಸಬರಿಗೆ ಇದರ ಮ್ಯಾಲ 90 ನಿಮಿಷದ ಕ್ಲಾಸ್ ತಗೋರಿ ಅಂದಾರ. ಹೋಟೆಲ್ ಹಾಲ್, ಕೆಳಗ ಕಾರ್ಪೆಟ್, ಸುಮಾರು 25 ಮಂದಿ ಬರಬಹುದಂತ. ಮನ್ಯಾಗ ಇಬ್ರ ಇದ್ದಾಗ ಮಾಡೂದು ಗೊತ್ತೈತಿ, ಮಂದಿಗೆ ಕಲಸೂದು ಗೊತ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ, ಏನೇನ್ ಸಾಮಾನು ಒಯ್ಲಿ, ಡೆಮೊ ಮಾಡ್ಲ್ಯೋ ಬ್ಯಾಡೋ?

ಉತ್ತರ: ಡೆಮೊ ಮಾಡ್ರಿ, ಆದ್ರ ಒಬ್ರ ಮ್ಯಾಲ ಅಷ್ಟ. ಉಳಿದ 25 ಮಂದಿ ಕೈಗೆ ಅಷ್ಟ ಹಚ್ಕೊಂಡು ನೋಡಿದ್ರ ಸಾಕು. ಯಾಕಂತ ಹೇಳತೀನಿ.

ನೀವು ಆಯೋಜಕರಿಗೆ ಫೋನ್ ಮಾಡಿದಾಗ ಮೊದಲ ಕೇಳೂ ಮಾತು ಹಾಲ್ ಎಷ್ಟು ದೊಡ್ಡದು ಅಂತಲ್ಲ, ಬಚ್ಚಲ ಎಲ್ಲೈತಿ ಅಂತ. ಹಾಲಿಂದ ಎಷ್ಟು ಹೆಜ್ಜಿ ದೂರ, ನಡುವ ಬ್ಯಾರೆ ಗೆಸ್ಟ್ ಓಡಾಡೂ ಕಾರಿಡಾರ್ ಐತೇನು, ಬಿಸಿನೀರು ಬರತೈತೋ, ಕೈ ತೊಳಿಯೂ ನಳ ಎಷ್ಟದಾವ, ನೆಲದ ಜಾಳಿಗಿ ನೀರು ಲಗೂ ಎಳಕೊಳ್ಳತೈತೋ ಇಲ್ಲೋ. ಇವಕ್ಕ ಉತ್ತರ ಸಿಕ್ಕ ಮ್ಯಾಲ ನಿಮ್ಮ ಕ್ಲಾಸಿನ ಅರ್ಧ ಪ್ಲಾನ್ ತಾನ ಆಗತೈತಿ. ಮೈತುಂಬ ಅಂಟು ಮೆತ್ಕೊಂಡ ಒಬ್ರನ್ನ ಕಾರ್ಪೆಟ್ ಹಾಲಿಂದ ಬಚ್ಚಲಕ್ಕ ಕರ್ಕೊಂಡು ಹೋಗೂದ ದೊಡ್ಡ ಕೆಲಸ, 25 ಮಂದೀನ ಕರ್ಕೊಂಡು ಹೋಗೂದಂತೂ ಆಗದ ಮಾತು. ಹೊಸದಾಗಿ ಕಲಸಾವ್ರು ಎಲ್ಲಾರೂ ಮೆತ್ಕೋಳೂದರ ಪ್ಲಾನ್ ಭಾಳ ಚಂದ ಮಾಡತಾರ, ತೊಳಕೊಳ್ಳೂದನ್ನ ಮಾತ್ರ "ಆಮ್ಯಾಲ ನೋಡೂಣು" ಅಂತ ಬಿಡತಾರ. ನೀವು ಉಲ್ಟಾ ಮಾಡ್ರಿ. 90 ನಿಮಿಷದಾಗ ಕಡೀ 10 ಮುಂದಿನ ಕ್ಲಾಸಿನವರಿಗೆ ಹಾಲ್ ಬಿಟ್ಟುಕೊಡಾಕ, ಅದರ ಹಿಂದಿನ 20 ತೊಳಿಯಾಕ, ಬಳಿಯಾಕ. ನಿಮಗ ಉಳಿಯೂದು 60 ನಿಮಿಷ. ಅದರಾಗ ಮಾತು ಒಂದರ್ಧ ತಾಸು, ಕೈ ಹಚ್ಚಿ ನೋಡೂದು ಒಂದು ಕಾಲು ತಾಸು, ಡೆಮೊ ಒಂದು ಕಾಲು ತಾಸು. ಇದಕ್ಕಿಂತ ಹೆಚ್ಚು ತುರುಕಬ್ಯಾಡ್ರಿ.

ಮಾತಿನಾಗ ಮೊದಲು ಇದೇನು ಅಂತ ಹೇಳಬೇಕಲ್ಲ, ಅಲ್ಲಿ ಬಂದವ್ರೊಳಗ ಅರ್ಧ ಮಂದಿಗೆ ಮೆಸ್ಸಿ ಪ್ಲೇ ಅಂದ್ರ ಮಲಮೂತ್ರದ ವಿಷಯನ ಇರಬೇಕು ಅಂತ ಅಂಜಿಕಿ ಇರತೈತಿ. ಅದು ಬ್ಯಾರೆ ವಿಷಯ, ಅದರ ಆರೋಗ್ಯದ ಲೆಕ್ಕಾನೂ ಬ್ಯಾರೆ, ಈ ಕ್ಲಾಸಿನಾಗ ಇಲ್ಲ ಅಂತ ಮೊದಲನೇ ಎರಡ ನಿಮಿಷದಾಗ ಹೇಳಿಬಿಡ್ರಿ, ಮಂದಿ ಉಸಿರು ಬಿಟ್ಟು ಕೂಡತಾರ. ಇದು ಕ್ರೀಮು, ಕೇಕು, ಲೋಳಿ, ಕೆಸರು, ಬಣ್ಣ, ಇಂಥಾದ್ರಾಗ ಮೈ ಇಲ್ಲಾ ಬಟ್ಟಿ ಮೆತ್ಕೊಳ್ಳೂ ಸುಖ. ವೆಟ್ ಅಂಡ್ ಮೆಸ್ಸಿ ಅಂತ, ಚಿಕ್ಕದಾಗಿ ವ್ಯಾಮ್ ಅಂತ, ಸ್ಪ್ಲೋಶಿಂಗ್ ಅಂತ ಮಂದಿ ಕರೀತಾರ. ಒಬ್ರಿಗೆ ಚರ್ಮದ ಮ್ಯಾಲಿನ ತಣ್ಣಗಿನ ಜಾರಿಕಿ ಬೇಕು, ಇನ್ನೊಬ್ರಿಗೆ ನಗಿ ಬೇಕು, ಮತ್ತೊಬ್ರಿಗೆ ಸ್ವಲ್ಪ ಅವಮಾನ ಆದಂಗ ಅನಸೂದ ಬೇಕು. ಸಣ್ಣವರಿದ್ದಾಗ "ಅಂಗಿ ಹೊಲಸ ಮಾಡ್ಕೊಂಡು ಬಂದೀ ಏನು" ಅಂತ ಬೈಸಿಕೊಂಡು, ಮುಸುರಿ ಕೈಲೆ ಏನೂ ಮುಟ್ಟಬ್ಯಾಡ ಅಂತ ಹೇಳಿಸಿಕೊಂಡು ಬೆಳೆದ ನಮ್ಮಂಥವ್ರಿಗೆ ಅದನ್ನ ಬೇಕಂತ ಮುರಿಯೂದರಾಗ ಏನ್ ಮಜಾ ಐತಿ ಅಂತ ಬಿಡಿಸಿ ಹೇಳೂದು ಬೇಕಾಗಿಲ್ಲ. ಬಟ್ಟಿ ಬಿಚ್ಚಬೇಕು ಅಂತನೂ ಇಲ್ಲ. ಎಷ್ಟೋ ಮಂದಿಗೆ ಇಸ್ತ್ರಿ ಮಾಡಿದ ಅಂಗಿ, ಸೀರಿ, ಆಫೀಸ್ ಡ್ರೆಸ್ ಹಾಳಾಗೂದ ಇದರ ತಿರುಳು. ಹಂಗಾಗಿ ನಿಮ್ಮ ಕ್ಲಾಸು ಪೂರ್ತಿ ಬಟ್ಟಿ ಹಾಕ್ಕೊಂಡ ಮಾಡ್ರಿ, ಒಂದು ಜೋಡಿ ಹಳೇ ಚೂಡಿದಾರ ಸಾಕು. ಅದರಿಂದ ಹೋಟೆಲಿನ ತಕರಾರೂ ಕಡಿಮಿ ಆಗತೈತಿ.

ಕನ್ಸೆಂಟ್ (ಒಪ್ಪಿಗಿ) ಪಾಠಕ್ಕ ನಿಮಗ ಹೊರಗಿನ ಉದಾಹರಣಿ ಬೇಕಾಗಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದ ಕಾಲೇಜ್ ಹುಡುಗರ ಬರ್ತ್‌ಡೇ ನೋಡ್ರಿ. ನಾಲ್ಕು ಮಂದಿ ಹಿಡದು, ಒಬ್ಬ ಕೇಕ್ ತಂದು ಮುಖಕ್ಕ ಒತ್ತಿ, ಮ್ಯಾಲ ಸ್ನೋ ಸ್ಪ್ರೇ ಹೊಡದು, ಅದನ್ನ ರೀಲ್ ಮಾಡಿ ಹಾಕತಾರ. ಹುಟ್ಟಿದ ಹಬ್ಬದವ ನಗಬೇಕಲ್ಲ ಅಂತ ನಗತಾನ. ಅದ ಕೇಕು, ಅದ ಮುಖ, ಆದ್ರ ಅಲ್ಲಿ ಕೇಳಿದವ್ರು ಯಾರೂ ಇಲ್ಲ. ಈ ಒಂದು ಚಿತ್ರ ಇಟ್ರ ಸಾಕು, ಕೋಣ್ಯಾಗಿನವ್ರೆಲ್ಲಾ ತಾವು ಎಂದೋ ಹಿಂಗ ಸಿಕ್ಕೊಂಡದ್ದು ನೆನಸತಾರ. ಜೊತಿಗೆ ಸುರಕ್ಷತಾನೂ ಅದರಾಗ ಐತಿ: ಮಹಡಿ ಮಹಡಿ ಕೇಕಿನೊಳಗ ಆಧಾರಕ್ಕ ಕಡ್ಡಿ ಚುಚ್ಚಿರತಾರ, ಮುಖ ಒತ್ತಿದ್ರ ಕಣ್ಣಿಗೆ ನಾಟತಾವ, ಭಾಳ ಸ್ಪ್ರೇ ಡಬ್ಬಿಯೊಳಗ ಹೊತ್ತಿಕೊಳ್ಳೂ ಗ್ಯಾಸ್ ಇರತೈತಿ, ಬಾಜೂಕ ಮೇಣಬತ್ತಿ ಇದ್ರ ಭಗ್ ಅಂತೈತಿ.

ಕೇಳೂದನ್ನ ಬಿಡಿಬಿಡಿಯಾಗಿ ಕೇಳಾಕ ಕಲಸ್ರಿ. "ಮೆಸ್ಸಿ ನಡೀತೈತೇನು" ಅಂದ್ರ ಆಗಲಿಲ್ಲ. ಮುಖಕ್ಕ ನಡೀತೈತೋ, ಕೂದಲಕ್ಕ ನಡೀತೈತೋ, ಬಟ್ಟಿ ಮ್ಯಾಲೋ ಬಟ್ಟಿ ಒಳಗೋ, ವಾಸನಿ ಯಾವುದು ಆಗಂಗಿಲ್ಲ, ತಣ್ಣಂದೋ ಬೆಚ್ಚಂದೋ, ತೊಳದ್ರೂ ಹೋಗದ ಬಣ್ಣ ಓಕೆನೋ, ನಾಳಿ ಆಫೀಸ್ ಐತೇನು. ಮೈಗೆಲ್ಲಾ ಹೂಂ ಅಂದು ಕೂದಲಕ್ಕ ಮಾತ್ರ ಉಹೂಂ ಅನ್ನಾವ್ರು ಭಾಳ ಮಂದಿ, ಉದ್ದ ಕೂದಲ ತೊಳಿಯೂದು ಏನ್ ಸುಮ್ನ ಆತೇನು. ನಿಲ್ಲಸಾಕ ಸೇಫ್‌ವರ್ಡ್ ಇರ್ಲಿ, ಅಂದ್ರ ಮೊದಲ ಗೊತ್ತು ಮಾಡಿಕೊಂಡ ಮಾತು; ಕೆಂಪು ಅಂದ್ರ ನಿಲ್ಲಸು, ಹಳದಿ ಅಂದ್ರ ಸಾವಕಾಶ, ಹಸರು ಅಂದ್ರ ನಡೀಲಿ, ಇಷ್ಟ ಸಾಕು, ಆದ್ರ ಬಾಯಿತುಂಬ ಕ್ರೀಮ್ ಇದ್ದಾಗ ಮಾತು ಬರಂಗಿಲ್ಲ, ಅದಕ್ಕ ಸನ್ನಿ ಬೇಕು. ಬ್ಯಾರೆ ಕ್ಲಾಸಿನಾಗ ಕೈಯಾಗ ಚೆಂಡು ಹಿಡಿಸಿ, ಬಿಟ್ರ ನಿಲ್ಲಸೂದು ಅಂತ ಕಲಸತಾರ, ಅದು ಇಲ್ಲಿ ನಡಿಯಂಗಿಲ್ಲ, ಲೋಳಿ ಕೈಲೆ ಚೆಂಡು ತಾನ ಜಾರತೈತಿ. ಟಬ್ಬಿನ ಅಂಚಿಗೆ ಎರಡ ಸಲ ಪಟ್ ಪಟ್ ಬಡಿಯೂದು ಅಂತ ಇಟಗೋರಿ. ಇನ್ನೊಂದು ಮಾತು, ಸಿಡಿಯೂದು ದೂರ ಹೋಗತೈತಿ. ಮುಂದಿನ ಸಾಲಿನಾಗ ಕೂತಾವ್ರು ಮೆತ್ಕೊಳ್ಳಾಕ ಒಪ್ಪಿರಂಗಿಲ್ಲ, ಅವರ ಸೀಟು ಒಂದೆರಡ ಮೀಟರ್ ಹಿಂದಕ್ಕ ಸರಿಸ್ರಿ.

ಈಗ ಅನ್ನದ ವಿಷಯ. ನಮ್ಮ ಕಡೆ ಇದನ್ನ ಬಿಟ್ಟು ಮುಂದ ಹೋಗಾಕ ಬರಂಗಿಲ್ಲ. ನೆಲಕ್ಕ ಬಿದ್ದ ರೊಟ್ಟಿ ಚೂರು ತಗದು ಕಣ್ಣಿಗೆ ಒತ್ಕೊಂಡು ಬೆಳದಾವ್ರ ಮುಂದ ಬೋಗುಣಿಗಟ್ಟಲೆ ಹಾಲು ಮೊಸರು ಸುರುವಿದ್ರ ಅವರಿಗೆ ಮಜಾ ಬರಂಗಿಲ್ಲ, ಸಂಕಟ ಆಗತೈತಿ. ಅವರಿಗೆ "ನೀವು ಇನ್ನೂ ಓಪನ್ ಆಗಿಲ್ಲ" ಅನ್ನೂದು ಹುಚ್ಚುತನ. ನಾನಂತೂ ಹೊಸಬರ ಕ್ಲಾಸಿನಾಗ ಅನ್ನ, ರೊಟ್ಟಿ, ಹಾಲು, ತುಪ್ಪ ಮುಟ್ಟಂಗಿಲ್ಲ, ಅರಿಷಿಣ ಕುಂಕುಮದ ತಂಟೆಗೂ ಹೋಗಂಗಿಲ್ಲ. ಅವಿಲ್ಲದನೂ ಛಲೋ ಸಾಮಾನು ಭಾಳ ಅದಾವ. ಇನ್ನ ಜೆಲ್ಲಿ ಮಾಡೂ ಜಿಲೆಟಿನ್ ಪ್ರಾಣಿಯ ಚರ್ಮ, ಎಲುಬಿನಿಂದ ಬರತೈತಿ, ಲಿಂಗಾಯತ್ರು ಜೈನ್ರು ಇದ್ದ ಕ್ಲಾಸಿನಾಗ ಹೇಳದ ಅವರ ಕೈಗೆ ಕೊಡಬಾರದು. ಅದರ ಬದಲಿ ಚೈನಾ ಗ್ರಾಸ್ (ಕಡಲ ಪಾಚಿಯಿಂದ ಮಾಡಿದ್ದು) ತಗೋರಿ. ಕೆಲಸಕ್ಕೂ ಅದ ಛಲೋ: ಜಿಲೆಟಿನ್ ಜೆಲ್ಲಿ ಮೈ ಬಿಸಿಗೆ ಕರಗಿ ಅಂಟಂಟ ಆಗತೈತಿ, ಚೈನಾ ಗ್ರಾಸ್ ಜೆಲ್ಲಿ ಕರಗಬೇಕಂದ್ರ ಸುಮಾರು 85 ಡಿಗ್ರಿ ಬೇಕು, ಹಂಗಾಗಿ ಮೈ ಮ್ಯಾಲ ಚೂರಾಗತೈತಿ ಹೊರತು ಕರಗಂಗಿಲ್ಲ, ಕೈಲೆ ಬಳದ್ರ ಉದುರಿ ಹೋಗತೈತಿ.

ನನ್ನ ಕೇಳಿದ್ರ ಹೊಸಬರ ಕ್ಲಾಸಿಗೆ ರಾಜ ಅಂದ್ರ ಗ್ವಾರ್ ಗಮ್ ಲೋಳಿ. ಅದು ನಮ್ಮ ಚವಳಿಕಾಯಿ ಬೀಜದ ಹಿಟ್ಟು ನೋಡ್ರಿ, ಐಸ್‌ಕ್ರೀಮ್, ಸಾಸ್ ದಪ್ಪ ಮಾಡಾಕ ಹಾಕತಾರ, ಆನ್‌ಲೈನ್‌ನಾಗ ಫುಡ್ ಗ್ರೇಡ್ ಅಂತ ಸಿಗತೈತಿ. ಒಂದು ಲೀಟರ್ ನೀರಿಗೆ ಸುಮಾರು 10 ಗ್ರಾಂ ಹಾಕಿದ್ರ ದಪ್ಪ ಲೋಳಿ ಆಗತೈತಿ, ಅಂದ್ರ 20 ಲೀಟರ್ ಟಬ್ಬಿಗೆ 200 ಗ್ರಾಂ ಪುಡಿ. ಹುಬ್ಬಳ್ಳಿಯಿಂದ ಬಸ್ಸಿನಾಗ 20 ಕೆಜಿ ಲೋಳಿ ಹೊತ್ಕೊಂಡು ಹೋಗೂದು ಬ್ಯಾಡ, 200 ಗ್ರಾಂ ಪುಡಿ ಚೀಲದಾಗ ಹಾಕ್ಕೊಂಡು ಹೋಗಿ ಅಲ್ಲೇ ಕಲಸಬಹುದು. ಒಮ್ಮೆಲೆ ಸುರುವಿದ್ರ ಗಂಟ ಗಂಟ ಆಗತೈತಿ, ಸಾಣಿಗಿಲೆ ಸಣ್ಣಗ ಉದುರಿಸ್ಕೋತ ಇನ್ನೊಂದು ಕೈಲೆ ಕಡೀಬೇಕು. ಪುಡಿ ಹಾಕೂವಾಗ ಮುಖಕ್ಕ ಮಾಸ್ಕ್ ಇರ್ಲಿ, ಈ ಪುಡಿ ಉಸಿರಿನಾಗ ಹೋದ್ರ ಕೆಲವರಿಗೆ ದಮ್ಮು ಹತ್ತತೈತಿ, ಫ್ಯಾಕ್ಟರಿಯೊಳಗ ದಿನಾ ಇದರ ನಡುವ ಇರೂ ಕೆಲಸಗಾರರಿಗೆ ಅಸ್ತಮಾ ಬಂದದ್ದೂ ಐತಿ. ಅದಕ್ಕ ಮಂದಿ ಬರೂಕಿಂತ ಮೊದಲ ಕಲಸಿ ಇಡ್ರಿ, ಆದ್ರ ಹಿಂದಿನ ದಿನ ಕಲಸಿ ಇಡಬ್ಯಾಡ್ರಿ, ಹುಳಿ ವಾಸನಿ ಬರತೈತಿ.

ಕೈಗೆ ಕೊಡೂ ತಟ್ಟಿಯೊಳಗ ಇದರ ಜೊತಿಗೆ ಶೇವಿಂಗ್ ಫೋಮ್, ಚೈನಾ ಗ್ರಾಸ್ ಜೆಲ್ಲಿ, ಕಾರ್ನ್‌ಫ್ಲೋರ್ ನೀರು, ಮುಲ್ತಾನಿ ಮಿಟ್ಟಿ ಇಷ್ಟಿದ್ರ ಆತು. ಕಾರ್ನ್‌ಫ್ಲೋರ್ ಎರಡು ಪಾಲು, ನೀರು ಒಂದು ಪಾಲು ಹಾಕಿದ್ರ ಹೊಡದ್ರ ಗಟ್ಟಿ, ಬಿಟ್ರ ನೀರು ಆಗೂ ವಿಚಿತ್ರ ಹಿಟ್ಟಾಗತೈತಿ, ಮಂದಿ ನಾಚಿಕಿ ಮರತು ಸಣ್ಣ ಹುಡುಗರಂಗ ಆಡಾಕ ಹತ್ತತಾರ. ಶೇವಿಂಗ್ ಫೋಮ್ ಸೋವಿ, ಕೆಡಂಗಿಲ್ಲ, ಕೈಗೆ ಛಲೋ, ಆದ್ರ ಅದು ಸಾಬೂನು; ಕಣ್ಣಿಗೆ ಬಾಯಿಗೆ ನಾಜೂಕು ಜಾಗಾಕ್ಕ ಹೋಗಬಾರದು. ಮುಖಕ್ಕ ಪೈ (ತಟ್ಟಿ ತುಂಬ ನೊರಿ ಇಲ್ಲಾ ಕ್ರೀಮ್) ಹೊಡಿಯೂದಿದ್ರ ಕ್ರೀಮ್‌ಲೆ ಮಾಡ್ರಿ. ಮುಲ್ತಾನಿ ಮಿಟ್ಟಿ ಯಾಕಂದ್ರ, ಕೆಸರಿನ ಆಟ ಅಂದ ಕೂಡ್ಲೆ ಗದಗ ಕಡೆ ಎರಿ ಹೊಲ ನೆನಪಾಗಿ "ಒಂದು ಬುಟ್ಟಿ ಎರಿಮಣ್ಣು ಒಯ್ದ್ರ?" ಅಂತ ಕೇಳಾವ್ರು ಇದ್ದಾರ. ಹೊಲದ ಮಣ್ಣಾಗ ಧನುರ್ವಾಯು ರೋಗಾಣು ಇರತಾವ, ಮುಳ್ಳು ಗಾಜು ಹರಳು ಇರತಾವ, ಅದೂ ಅಲ್ಲದ ಎರಿಮಣ್ಣು ಒಣಗಿದ್ರ ಬಿಡಸೂದು ಕಷ್ಟ. ಗರಡಿ ಮನಿ ಮಣ್ಣು ಬ್ಯಾರೆ, ಅದನ್ನ ಸೋಸಿ, ಎಣ್ಣಿ ಮಜ್ಜಿಗಿ ಅರಿಷಿಣ ಹಾಕಿ ಹದ ಮಾಡಿರತಾರ, ಆದ್ರೂ ಹೋಟೆಲ್ ಹಾಲಿಗೆ ಬ್ಯಾಡ. ಮುಂದ ಯಾವಾಗರ ಹೊಲದಾಗ ಆಡಾವ್ರಿದ್ರ ಧನುರ್ವಾಯು ಇಂಜೆಕ್ಷನ್ (ಟಿಟಿ ಇಲ್ಲಾ ಟಿಡಿ) ಹತ್ತು ವರ್ಷದೊಳಗ ಆಗಿರಬೇಕು ಅಂತ ಹೇಳ್ರಿ.

ಬ್ಯಾಡ ಅನ್ನೂದನ್ನ ಕಡಕ್ಕಾಗಿ ಹೇಳ್ರಿ. ಕೆಂಪು ಬಣ್ಣಕ್ಕಂತ ಬ್ಯಾಡಗಿ ಮೆಣಸಿನಕಾಯಿ ನೆನಸಬ್ಯಾಡ್ರಿ, ಖಾರ ಕಡಿಮಿ ಖರೆ, ಇಲ್ಲ ಅಂತಲ್ಲ. ಆ ಖಾರ ನೀರಿನಾಗ ಕರಗಂಗಿಲ್ಲ, ಎಣ್ಣಿಯೊಳಗ ಕರಗತೈತಿ, ಉರಿ ಹತ್ತಿದಾಗ ನೀರು ಸುರುವಿದ್ರ ಇನ್ನಷ್ಟು ಹರಡತೈತಿ, ಎಣ್ಣಿ ಹಚ್ಚಿ ಒರಸಿ ಆಮ್ಯಾಲ ಸಾಬೂನು ಹಚ್ಚಬೇಕು. ಲಿಂಬಿರಸ ಮೈಗೆ ಹಚ್ಕೊಂಡು ಬಿಸಿಲಿಗೆ ಹೋದ್ರ ಸುಟ್ಟಂಗ ಗುಳ್ಳಿ ಏಳತಾವ. ಹಸಿ ತತ್ತಿ ಬ್ಯಾಡ, ಸಾಲ್ಮೊನೆಲ್ಲಾ ಭಯ. ಸಕ್ಕರಿ, ಬೆಲ್ಲದ ಪಾಕ, ಜೇನು, ಚಾಕಲೇಟು ಹೊರಗ ಮೈ ಮ್ಯಾಲ ಸರಿ, ಯೋನಿ ಒಳಗ ಹೋಗಬಾರದು, ಅಲ್ಲಿಯ ಸಹಜ ಹುಳಿ ಹದ ಕೆಟ್ಟು ಸೋಂಕಿಗೆ ದಾರಿ ಆಗತೈತಿ. ಎಣ್ಣಿ, ಬೆಣ್ಣಿ, ಕ್ರೀಮ್ ಇವು ಲೇಟೆಕ್ಸ್ ಕಾಂಡೋಮ್‌ನ ಹಾಳು ಮಾಡತಾವ, ಇದನ್ನ ಕೇಳಿ ಗಾಬರಿ ಆಗಾವ್ರು ಪ್ರತಿ ಕ್ಲಾಸಿನಾಗೂ ಇರತಾರ. ಅಲರ್ಜಿ ಕೇಳೂವಾಗ ಶೇಂಗಾ, ಹಾಲು, ಗೋಧಿ, ತತ್ತಿ, ಸೋಯಾ ಹೆಸರು ಹಿಡದು ಕೇಳ್ರಿ, "ಯಾರಿಗೆರ ಅಲರ್ಜಿ ಐತೇನ್ರಿ" ಅಂತ ಒಟ್ಟಾರೆ ಕೇಳಿದ್ರ ಯಾರೂ ಕೈ ಎತ್ತಂಗಿಲ್ಲ. ನಮ್ಮ ಕಡೆ ಶೇಂಗಾ ಹಿಂಡಿ, ಶೇಂಗಾ ಎಣ್ಣಿ ಊಟದ ಒಂದು ಭಾಗ, ಅದು ಒಬ್ರ ಜೀವಕ್ಕ ಬರಬಹುದು ಅನ್ನೂದ ಭಾಳ ಮಂದಿಗೆ ತಲಿಯೊಳಗ ಬರಂಗಿಲ್ಲ. ಅವತ್ತ ವ್ಯಾಕ್ಸ್ ಮಾಡಿಸಿಕೊಂಡಾವ್ರು, ಗಾಯ ಇದ್ದಾವ್ರು, ಇಸುಬು ಇದ್ದಾವ್ರು ನೋಡ್ಲಿ, ಮುಟ್ಟೂದು ಬ್ಯಾಡ. ಡೆಮೊಕ್ಕ ಕೂಡಾವ್ರ ಮೊಣಕೈ ಒಳಗ ಹಿಂದಿನ ದಿನ ಎಲ್ಲಾ ಸಾಮಾನಿನ ಒಂದೊಂದು ಚುಕ್ಕಿ ಹಚ್ಚಿ ನೋಡಿರಬೇಕು, ಬಣ್ಣ ಸೇರಿ.

ಬೆಚ್ಚಗಿನ ಚಾಕಲೇಟ್ ಬೇಕು ಅಂತ ನಿಮಗ ಆಸೆ ಇದ್ರ ಕೈಯಾಗ ಥರ್ಮಾಮೀಟರ್ ಇರಬೇಕು. ಚಾಕಲೇಟು ಮೈ ಬಿಸಿಗೇ ಕರಗತೈತಿ, 40 ಡಿಗ್ರಿ ಒಳಗ ಇಡ್ರಿ. ಪಾಕ ಅಂತೂ ಬಿಸಿ ಹಿಡಕೊಂಡು ಕೂಡತೈತಿ, ಮ್ಯಾಲ ಅಂಟತೈತಿ, ಝಾಡಿಸಾಕೂ ಬರಂಗಿಲ್ಲ. 60 ಡಿಗ್ರಿ ನೀರಿಗೇ ಸುಮಾರು ಐದು ಸೆಕೆಂಡಿನಾಗ ಚರ್ಮ ಸುಡತೈತಿ.

ಡೆಮೊ ಜಾಗಾ ಹಿಂಗ ಮಾಡ್ರಿ. ಕಾರ್ಪೆಟ್ ಮ್ಯಾಲ ಮೊದಲು ತಾಡಪತ್ರಿ, ಹೊಲದ ಸಾಮಾನಿನ ಅಂಗಡಿಯೊಳಗ ಸಿಗತೈತಲ್ಲ ದಪ್ಪಂದು, ಅದನ್ನ ತಗೋರಿ, ಪೇಂಟಿಂಗ್‌ದು ತೆಳು ಪ್ಲಾಸ್ಟಿಕ್ ಹರೀತೈತಿ. ಅದರ ಮ್ಯಾಲ ಹಳೇ ಚಾದರ್, ಯಾಕಂದ್ರ ಬರೇ ತಾಡಪತ್ರಿ ಮ್ಯಾಲ ಲೋಳಿ ಬಿತ್ತಂದ್ರ ಕಾಲು ನಿಲ್ಲಂಗಿಲ್ಲ. ನಡುವ ಗಾಳಿ ತುಂಬೂ ಮಕ್ಕಳ ಈಜೂ ಟಬ್ಬು, ಅದರೊಳಗ ಪ್ಲಾಸ್ಟಿಕ್ ಸ್ಟೂಲು ಅಲ್ಲ, ಕೆಳಗ ಕೂಡೂದು. ಈ ಆಟದಾಗ ಸುಟ್ಟು, ಅಲರ್ಜಿ ಆಗಿ ಪೆಟ್ಟು ತಿನ್ನೂದಕ್ಕಿಂತ ಮೊದಲು ಆಗೂದು ಜಾರಿ ಬೀಳೂದು. ಮೈಗೆ ಲೋಳಿ ಹತ್ತಿದ ಮ್ಯಾಲ ಯಾರೂ ನಿಂತು ಏನೂ ಮಾಡಬಾರದು, ಏಳೂವಾಗ ಇಬ್ರು ಒಣ ಕೈಯವ್ರು ಹಿಡದು ಏಳಸಬೇಕು. ಮೈಕಿನ ವೈರು, ಎಕ್ಸ್‌ಟೆನ್ಶನ್ ಬೋರ್ಡು ಟಬ್ಬಿನ ಹತ್ರ ಬರಬಾರದು, ಏಸಿ ಕಡಿಮಿ ಮಾಡ್ರಿ ಇಲ್ಲಾ ಬಂದ್ ಮಾಡ್ರಿ. ಒದ್ದಿ ಮೈಗೆ ಏಸಿ ಗಾಳಿ ಹತ್ತಿ ಗದಗದ ನಡಗಾವ್ರಿಗೆ ಏನ್ ಮಜಾ ಉಳೀತೈತಿ.

ಪೈ ಮುಖಕ್ಕ ಹೊಡಿಯೂದು ನೋಡಾಕ ಸುಲಭ, ಅದಕ್ಕ ಅದನ್ನ ನಿಧಾನ ತೋರಸ್ರಿ. ಕಾಂಟ್ಯಾಕ್ಟ್ ಲೆನ್ಸು, ಚಷ್ಮಾ ತಗದಿರಬೇಕು. ಕಾಗದದ ತಟ್ಟಿ, ಗಟ್ಟಿ ಪ್ಲೇಟಲ್ಲ. ಮೂಗಿನ ಮ್ಯಾಲ ನೆಟ್ಟಗ ಒತ್ತಬಾರದು, ಗದ್ದದಿಂದ ಮ್ಯಾಲಕ್ಕ ಹಚ್ಚಿ ಕೂಡ್ಲೆ ಕೈ ತಗೀಬೇಕು. ಹೊಡಿಯೂಕಿಂತ ಮೊದಲ "ಮೂರು, ಎರಡು, ಒಂದು" ಅಂತ ಎಣಸಿದ್ರ ಕೂತಾವ್ರು ಕಣ್ಣು ಮುಚ್ಚಿ, ಉಸಿರು ಹೊರಗ ಬಿಟ್ಟು ತಯಾರಾಗತಾರ. ಆದ ಮ್ಯಾಲ ಮೊದಲ ಮೂಗು ಬಾಯಿ ಅವರ ಕೈಲೆ ಅವರ ಒರಸಿಕೊಳ್ಳಲಿ, ಆಮ್ಯಾಲ ನೀವು ಒದ್ದಿ ಬಟ್ಟಿಲೆ ಕಣ್ಣು ಒರಸ್ರಿ. ಮಂದಿ ನಗತಾರ, ನಗಲಿ.

ತೊಳಿಯೂದು ಕ್ಲಾಸಿನ ಭಾಗ ಅಂತ ಮೊದಲ ಹೇಳಿಬಿಡ್ರಿ, ಆಗ ಯಾರೂ ನಡುವ ಎದ್ದು ಹೋಗಂಗಿಲ್ಲ. ಮೊದಲು ನೀರಲ್ಲ, ಮೊದಲು ಕೈಲೆ, ರಟ್ಟಿನ ತುಂಡಲೆ ಕೆರದು ಬಕೆಟ್ಟಿಗೆ ಹಾಕೂದು, ಆಮ್ಯಾಲ ಪೇಪರ್‌ಲೆ ಒರಸೂದು, ಕಡೀಕ ಉಗುರುಬೆಚ್ಚಗಿನ ನೀರು. ಶವರ್‌ಕಿಂತ ಬಕೆಟ್ ಚರಗಿ ಛಲೋ, ಎಲ್ಲಿ ಬೇಕು ಅಲ್ಲಿ ಸುರುವಿಕೋಬಹುದು. ಎಣ್ಣಿ ಹತ್ತಿದ್ದಕ್ಕ ಕಡ್ಲಿಹಿಟ್ಟು, ಇದನ್ನ ನಮ್ಮವ್ರಿಗೆ ಕಲಸೂದು ಬ್ಯಾಡ. ಬಣ್ಣದ ವಿಷಯನೂ ಹಂಗ, ಹುಬ್ಬಳ್ಳಿ ರಂಗಪಂಚಮಿ ಆಡಿದಾವ್ರಿಗೆಲ್ಲಾ ಮೊದಲ ಕೊಬ್ಬರಿ ಎಣ್ಣಿ ಮೆತ್ಕೊಂಡ್ರ ಬಣ್ಣ ಲಗೂ ಬಿಡತೈತಿ ಅಂತ ಗೊತ್ತು. ಟಬ್ಬಿಗೆ ಇಳಿಯಾವ್ರು ಮಾತ್ರ ಕಾಲಿಗೆ ಹಚ್ಕೋಬಾರದು. ಕಾರ್ನ್‌ಫ್ಲೋರು, ಮುಲ್ತಾನಿ ಮಿಟ್ಟಿ, ಜೆಲ್ಲಿ ಹೋಟೆಲ್ ಮೋರಿಗೆ ಸುರುವಿದ್ರ ಪೈಪಿನಾಗ ಕೂತು ಕಟ್ಟತೈತಿ, ಅವನ್ನ ದಪ್ಪ ಚೀಲದಾಗ ಕಟ್ಟಿ ಕಸಕ್ಕ ಹಾಕ್ರಿ. ಗ್ವಾರ್ ಲೋಳಿಗೆ ಭಾಳ ನೀರು ಬೆರಸಿ ತೆಳು ಮಾಡಿ, ಸ್ವಲ್ಪ ಸ್ವಲ್ಪ ಬಿಡ್ರಿ.

ಹೌಸ್‌ಕೀಪಿಂಗ್ ಮಂದಿ ಬಗ್ಗೆ ನನಗ ಸ್ವಲ್ಪ ಹಟ ಐತಿ. ಕ್ಲಾಸಿನೊಳಗ ಅರ್ಧ ತಾಸು ಕನ್ಸೆಂಟ್ ಅಂತ ಮಾತಾಡಿ, ಆಮ್ಯಾಲ ಅಂಟು ತಾಡಪತ್ರಿ, ಮೆತ್ತಿದ ಟವೆಲ್ಲು ಒಂದು ಮೂಲಿಗೆ ಒಗದು ಹೋದ್ರ ಅದನ್ನ ಎತ್ತೂ ಅಕ್ಕ ಯಾವುದಕ್ಕೂ ಒಪ್ಪಿರಲಿಲ್ಲ. ಹೋಟೆಲ್ ಟವೆಲ್ ಮುಟ್ಟಬ್ಯಾಡ್ರಿ, ಮನಿಯಿಂದ ಹಳೇ ಟವೆಲ್ಲು ಒಯ್ರಿ. ಹೋಟೆಲಿನವ್ರಿಗೆ "ನೀರು, ಹಿಟ್ಟು, ಬಣ್ಣ ಬಳಸೂ ವರ್ಕ್‌ಶಾಪ್" ಅಂತ ಆಯೋಜಕರು ಮೊದಲ ತಿಳಿಸಿರಬೇಕು, ಸುಳ್ಳ ಹೇಳೂದು ಬ್ಯಾಡ.

ಫೋನು ಎಲ್ಲಾರದೂ ಚೀಲದೊಳಗ, ನಿಮ್ಮದೂ ಸೇರಿ. ಬಾಗಲಾಗ ಒಬ್ರು ವಾಲಂಟಿಯರ್ ನಿಂತು ವಯಸ್ಸಿನ ಗುರುತು ಪತ್ರ ನೋಡಬೇಕು, ಬಾಗಲಾ ಹಾಕಿರಬೇಕು, ಕಿಟಕಿಗೆ ಪರದೆ. ಒಬ್ರ ಗುಪ್ತಾಂಗದ ಚಿತ್ರ ಅವರ ಒಪ್ಪಿಗಿ ಇಲ್ಲದ ತಗದ್ರ ಐಟಿ ಕಾಯ್ದೆ 66ಇ ಕಲಂ ಪ್ರಕಾರ ಮೂರು ವರ್ಷದ ತನಕ ಜೈಲು ಐತಿ. ಸಾರ್ವಜನಿಕ ಜಾಗಾದಾಗ ಬ್ಯಾರೇವ್ರಿಗೆ ಕಿರಿಕಿರಿ ಆಗೂವಂಗ ಅಶ್ಲೀಲವಾಗಿ ನಡಕೊಂಡ್ರ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ಬರತೈತಿ. ಹಂಗಾಗಿ ಕಾರಿಡಾರಿನಾಗ, ಲಿಫ್ಟಿನಾಗ ಮೆತ್ಕೊಂಡ ಮೈಲೆ ಓಡಾಡೂದು ಬರೇ ಕಾರ್ಪೆಟ್ಟಿನ ಪ್ರಶ್ನೆ ಅಲ್ಲ.

ಡೆಮೊಕ್ಕ ನಿಮ್ಮ ಮನಿಯವರನ್ನ ಕೂಡಸ್ರಿ, ಗೊತ್ತಿಲ್ಲದ ಪ್ರೇಕ್ಷಕರನ್ನ ಕರೀಬ್ಯಾಡ್ರಿ. ಆದ್ರ ಆಟ ಮುಗಿದ ಮ್ಯಾಲ ನೀವು ಪ್ರಶ್ನೆಗೆ ಉತ್ತರ ಹೇಳ್ಕೋತ ನಿಂತ್ರ ಅವರು ಒದ್ದಿ ಮೈಲೆ ಒಬ್ರ ಕೂಡತಾರ, ಅದಕ್ಕ ಆಫ್ಟರ್‌ಕೇರ್ ಇನ್ನೊಬ್ರ ಕೈಗೆ ಒಪ್ಪಿಸಿರ್ರಿ: ಒಣ ಟವೆಲ್ಲು, ಬಿಸಿ ಚಾ, ಬಾಜೂಕ ಒಬ್ರು. ಮಂದಿ ಮುಂದ ಅವಮಾನದ ಆಟ ಆಡಿದ್ರ ಮರುದಿನ ಮನಸು ಸಪ್ಪಗ ಆಗೂದೂ ಐತಿ, ಅದನ್ನ ಇಬ್ರೂ ಮೊದಲ ಮಾತಾಡಿಕೊಂಡಿರ್ರಿ.

ಹೋಗೂಕಿಂತ ಮೊದಲ ಒಮ್ಮೆ ಮನ್ಯಾಗ ಪೂರ್ತಿ ರಿಹರ್ಸಲ್ ಮಾಡ್ರಿ, ಗಡಿಯಾರ ಇಟಗೊಂಡು. ನಿಮ್ಮ ಓಣಿಗೆ ನೀರು ಬಿಡೂ ದಿನ ನೋಡಿ ಇಟಗೋರಿ, ಟಾಕಿ ಖಾಲಿ ಇದ್ದ ದಿನ ಇದಕ್ಕ ಕೈ ಹಾಕಬ್ಯಾಡ್ರಿ. ತಾಡಪತ್ರಿ, ಗಮ್ಮು, ಟಬ್ಬು, ಚೈನಾ ಗ್ರಾಸ್, ಚೀಲ ಎಲ್ಲಾದರ ಖರ್ಚು ಬರದು ಆಯೋಜಕರಿಗೆ ಈಗ ಕಳಸ್ರಿ. ಕಲಸೂ ಫೀಸು ಕೊಡದಿದ್ರೂ ಸಾಮಾನಿನ ಖರ್ಚು, ಹಾಲಿಗೆ ಅಂಟಿದ ಹತ್ರದ ಒಂದು ರೂಮು, ಇಬ್ರು ವಾಲಂಟಿಯರ್ ಇವಿಷ್ಟು ಕೊಡತೀವಿ ಅಂತ ಅವರು ಬರದು ಕೊಟ್ರ ಹೂಂ ಅನ್ರಿ. ಇಲ್ಲಾಂದ್ರ ಡೆಮೊ ಕೈಬಿಟ್ಟು ಬರೇ ಮಾತು ಮತ್ತ ಕೈ ಹಚ್ಚಿ ನೋಡೂ ಕ್ಲಾಸು ಮಾಡ್ರಿ, ಅದೂ ಒಂದು ಪೂರ್ತಿ ಕ್ಲಾಸ.